ಒಂದು ಪರಸಿಯಷ್ಟು ನೆಲ

ನಾನು ಒಂದು ಬಸ್ಸು. ಹುಟ್ಟಿದ್ದು ಊರೂರು ಓಡಾಡುವುದಕ್ಕೆ. ವಯಸ್ಸಾದ ಮೇಲೆ ಮನೆಯಾದೆ. ನನ್ನ ಮನೆಯಾಕೆ ಇನ್ನಿಲ್ಲವೆಂಬುದನ್ನು ನನಗೆ ಯಾರೂ ಬಂದು ಹೇಳಲಿಲ್ಲ. ಮಾಘ ಮಾಸದ ಒಂದು ಬೆಳಗ್ಗೆ ಕಮತಗಿಯ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದೆ. ನೆರೆಮನೆಯ ಶಾವಂತ್ರವ್ವ ಓಡುತ್ತ ಬಂದು ನನ್ನ ಬಾಗಿಲು ತೆರೆದಳು. ನೆಲದ ಮೇಲಿನ ಜಮಖಾನೆಯನ್ನು ಸುರುಳಿ ಸುತ್ತಿ ಬಗಲಲ್ಲಿ ಹಿಡಿದು, ಹೊರಗಿದ್ದವರಿಗೆ ಅಂದಳು: "ಇದನ್ನ ಅಂಗಳದಾಗ ಹಾಸ್ರಿ, ಮಂದಿ ಬರಾಕತ್ತಾರ. ನೀಲಗಂಗವ್ವ ದವಾಖಾನ್ಯಾಗ ಲಿಂಗೈಕ್ಯ ಆದ್ಳಂತ."

ಜಮಖಾನೆ ಎಳೆದ ಜಾಗದಲ್ಲಿ ಜೋಳದ ಹಿಟ್ಟು ಚೆಲ್ಲಿತ್ತು. ದವಾಖಾನೆಗೆ ಹೊರಡುವಾಗ ಆಕೆ ನನ್ನ ಬಾಗಿಲ ಹಿಡಿಕೆ ಹಿಡಿದು ಒಳಗೆ ಇಣುಕಿ, "ಬಂದ ಮ್ಯಾಲ ಒರಸ್ತೀನಿ" ಎಂದಿದ್ದಳು. ಒರೆಸುವ ಕೈ ಇನ್ನು ಬರುವುದಿಲ್ಲವೆಂದು ಆ ಹಿಟ್ಟನ್ನು ನೋಡುತ್ತ ಅರ್ಥಮಾಡಿಕೊಂಡೆ.

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ದಾರಿಯಲ್ಲಿ ಬಿಸಿ ರೊಟ್ಟಿ ಬಡಿದು ಕೊಡಬೇಕು ಎಂಬುದು ಆಕೆಯ ಹರಕೆ. ಅದಕ್ಕಾಗಿಯೇ ನಾನು ಮನೆಯಾದದ್ದು. ಹರಕೆ ತೀರುವ ಮೊದಲೇ ಆಕೆ ಹೋದಳು. ಇದು ಹೇಗಾಯಿತೆಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನನ್ನ ಎಂಜಿನ್ನೂ ಚಾಸಿಯೂ ದೂರದ ಕಾರ್ಖಾನೆಯಿಂದ ಬಂದವು. ತಲೆಗೆ ಟವೆಲ್ಲು ಸುತ್ತಿಕೊಂಡ ಒಬ್ಬ ಚಾಲಕ, ಗೋಡೆ ಇಲ್ಲ, ಸೂರಿಲ್ಲ, ಬರಿಯ ಚಾಸಿಯನ್ನೇ ಗಾಳಿಗೆ ಮೈಯೊಡ್ಡಿ ಓಡಿಸಿಕೊಂಡು ಹುಬ್ಬಳ್ಳಿಗೆ ತಂದ. ಆಗ ನನಗೆ ನೆಲವೇ ಇರಲಿಲ್ಲ. ಕೆಳಗೆ ನೋಡಿದರೆ ಡಾಂಬರು ಹರಿದು ಹೋಗುತ್ತಿತ್ತು. ಹುಬ್ಬಳ್ಳಿಯ ಶೆಡ್ಡಿನಲ್ಲಿ ನನಗೆ ಮೈ ಕಟ್ಟಿದರು. ನೆಲಕ್ಕೆ ಮರದ ಹಲಗೆ ಜೋಡಿಸಿ, ಮೇಲೆ ಗೀರುಗೀರಿನ ಅಲ್ಯೂಮಿನಿಯಂ ತಗಡು ಹೊಡೆದರು. ಅಂದಿನಿಂದ ನನ್ನ ಪಾಲಿಗೆ ಮನುಷ್ಯರೆಂದರೆ ಪಾದಗಳು. ಯಾರು ದಣಿದಿದ್ದಾರೆ, ಯಾರು ತವರಿಗೆ ಹೊರಟಿದ್ದಾರೆ, ಯಾರು ಕೋರ್ಟಿನಿಂದ ಸೋತು ಬರುತ್ತಿದ್ದಾರೆ ಎಂಬುದೆಲ್ಲ ಅವರು ಮೆಟ್ಟಿಲು ಹತ್ತುವ ರೀತಿಯಲ್ಲೇ ನನಗೆ ಗೊತ್ತಾಗುತ್ತಿತ್ತು.

ನನ್ನನ್ನು ಹೆಚ್ಚು ಕಾಲ ಓಡಿಸಿದವನು ಮಾಗುಂಡಪ್ಪ. ಕಮತಗಿಯವನು. ಸಿಟ್ಟು ಬಂದರೆ ಗೇರಿನ ಮೇಲೆ ತೀರಿಸುತ್ತಿರಲಿಲ್ಲ, ಮೀಸೆಯ ಮೇಲೆ ತೀರಿಸುತ್ತಿದ್ದ. ಹೆಚ್ಚು ಜನ ಹತ್ತಿದರೆ ಎಂಜಿನ್ನು ಆರಿಸಿ ಕೈಕಟ್ಟಿ ಕೂಡುತ್ತಿದ್ದ. "ಪಾಟಾ ಮಲಗ್ಯಾವ. ಇಳೀರಿ, ಇಲ್ಲಾ ನೀವ ಹೊತ್ಕೊಂಡು ಹೋಗ್ರಿ" ಎನ್ನುತ್ತಿದ್ದ. ಪಾಟಾ ಎಂದರೆ ನನ್ನ ಭಾರವನ್ನೆಲ್ಲ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. ಅವುಗಳ ನೋವನ್ನು ಅವನಷ್ಟು ಬಲ್ಲವರಿರಲಿಲ್ಲ.

ಪ್ರತಿ ಯುಗಾದಿಗೆ ಶ್ರೀಶೈಲದ ವಿಶೇಷ ಬಸ್ಸಿಗೆ ನಮ್ಮಿಬ್ಬರನ್ನೇ ಹಾಕುತ್ತಿದ್ದರು. ಲಿಂಗಸುಗೂರಿನ ಆಚೆಯಿಂದ ರಸ್ತೆಯ ಅಂಚಿನುದ್ದಕ್ಕೂ ಜನ ನಡೆಯುತ್ತಿದ್ದರು. ಹೆಗಲ ಮೇಲೆ ದೇವರ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡು ನನ್ನ ಕಿಟಕಿಯ ಎತ್ತರಕ್ಕೆ ಬರುವವರು, ಅಂಗಾಲಿಗೆ ಬಟ್ಟೆ ಸುತ್ತಿಕೊಂಡ ಹೆಂಗಸರು. ಅವರ ಪಕ್ಕದಲ್ಲಿ ಮಾಗುಂಡಪ್ಪ ಹಾರನ್ನು ಹೊಡೆಯದೆ ನಿಧಾನವಾಗಿ ದಾಟುತ್ತಿದ್ದ.

ಹೊರಡುವ ದಿನ ಕಮತಗಿಯ ಸ್ಟ್ಯಾಂಡಿನಲ್ಲಿ ಅವನ ಹೆಂಡತಿ ನೀಲಗಂಗವ್ವ ರೊಟ್ಟಿಯ ಗಂಟು ಹಿಡಿದು ನಿಂತಿರುತ್ತಿದ್ದಳು. ಕಿಟಕಿಯಿಂದ ಗಂಟು ಕೊಟ್ಟು, ಇದರಲ್ಲಿ ಅರ್ಧ ನಡೆದು ಹೋಗುವವರಿಗೆ ಎಂದು ಹೇಳುತ್ತಿದ್ದಳು. ಮರಳಿ ಬಂದಾಗ ಮತ್ತೆ ಅಲ್ಲೇ ನಿಂತಿರುತ್ತಿದ್ದಳು.

"ಕೊಟ್ರ್ಯಾ?"

"ಕೊಟ್ಟೆ."

"ಬಿಸಿ ಇದ್ದುವೇನು?"

"ಇಲ್ಲಿಂದ ಅಲ್ಲೀತನಕಾ ಎಲ್ಲಿ ಬಿಸಿ ಇರತಾವ?"

"ಹಂಗಾರ ನಂದು ಮುಟ್ಟಿಲ್ಲ ಬಿಡ್ರಿ" ಎಂದು ಖಾಲಿ ಬಟ್ಟೆ ಮಡಚಿಕೊಂಡು ಹೋಗುತ್ತಿದ್ದಳು.

ಅದರ ಹಿಂದೊಂದು ಸಂಗತಿಯಿತ್ತು. ಅದನ್ನು ಮಾಗುಂಡಪ್ಪ ಕಂಡಕ್ಟರನಿಗೆ ಹೇಳುವಾಗ ಕೇಳಿದೆ. ಮದುವೆಗೆ ಮುಂಚೆ ಆಕೆ ತಾಯಿಯೊಂದಿಗೆ ಶ್ರೀಶೈಲಕ್ಕೆ ನಡೆದಿದ್ದಳು. ಆತ್ಮಕೂರು ದಾಟಿ ಕಾಡು ಶುರುವಾಗುವಲ್ಲಿ ಕಾಲು ಬೊಬ್ಬೆಯೆದ್ದು, ಇನ್ನು ಮುಂದಿಡಲಾರೆನೆಂದು ದಾರಿಯಲ್ಲೇ ಕುಳಿತು ಅತ್ತಳು. ಅಲ್ಲಿ ಗಿಡದ ನೆರಳಲ್ಲಿ ಯಾವಳೋ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಹಂಚಿನಿಂದ ಆಗಷ್ಟೇ ತೆಗೆದದ್ದನ್ನು ಪುಂಡಿಪಲ್ಯ ಹಾಕಿ ಕೈಗಿಟ್ಟಳು. ಬೆರಳು ಸುಟ್ಟವು. ಉಂಡ ಮೇಲೆ ಕಾಲು ತಾವಾಗಿ ಎದ್ದವು. ಹೆಸರು ಕೇಳಿದರೆ ಆ ಹೆಂಗಸು ಹೇಳಲಿಲ್ಲ. "ನೀನೂ ಒಂದಿನ ಇಲ್ಲೇ ಯಾರಿಗರ ಬಿಸೀದು ಬಡದು ಕೊಡು, ನನಗ ಮುಟ್ಟತೈತಿ" ಎಂದಳಂತೆ. ನೀಲಗಂಗವ್ವ ಶ್ರೀಶೈಲದ ಮಲ್ಲಯ್ಯನ ಮುಂದೆ ನಿಂತು ಹಾಗೇ ಹರಕೆ ಹೊತ್ತಳು. ಆಮೇಲೆ ಮದುವೆ, ಹಾಸಿಗೆ ಹಿಡಿದ ಅತ್ತೆಯ ಸೇವೆ, ಯುಗಾದಿ ಬಂದರೆ ಗಂಡನಿಗೆ ರಜೆಯಿಲ್ಲದ ನೌಕರಿ. ಮಕ್ಕಳಾಗಲಿಲ್ಲ. ಹರಕೆ ಮಾತ್ರ ಮನೆಯಲ್ಲಿ ದೊಡ್ಡದಾಗುತ್ತ ಹೋಯಿತು.

ನನಗೆ ವಯಸ್ಸಾಯಿತು. ಡಿಪೋದವರು ಹರಾಜು ಹಾಕಿದರು. ಕಬ್ಬು ಕಡಿಯುವ ಆಳುಗಳನ್ನು ಸಾಗಿಸುವ ಒಬ್ಬ ಗುತ್ತಿಗೆದಾರ ಕೊಂಡು, ಸೀಟುಗಳನ್ನು ಕಿತ್ತೊಗೆದ. ಚಳಿಗಾಲದಲ್ಲಿ ಇಡೀ ಸಂಸಾರಗಳು ನನ್ನ ತಗಡಿನ ಮೇಲೆ ಗೋಣಿಚೀಲ ಹಾಸಿ ಮಲಗುತ್ತಿದ್ದವು. ತಾಯಂದಿರು ತಾವು ತಗಡಿಗೆ ಬೆನ್ನು ಕೊಟ್ಟು ಮಕ್ಕಳನ್ನು ಎದೆಯ ಮೇಲೆ ಹಾಕಿಕೊಳ್ಳುತ್ತಿದ್ದರು. ತಗಡಿನ ಚಳಿ ಅವರ ಬೆನ್ನಿಗೆ ಇಳಿಯುವುದು ನನಗೆ ತಿಳಿಯುತ್ತಿತ್ತು, ಏನೂ ಮಾಡಲಾಗುತ್ತಿರಲಿಲ್ಲ. ನೆಲವೆಂಬುದು ಬರೀ ತುಳಿಯುವುದಕ್ಕಲ್ಲ ಎಂದು ಕಲಿತದ್ದು ಆಗ. ಕೊನೆಗೆ ಅವನೂ ಬಿಟ್ಟ. ಮುಧೋಳದ ಒಂದು ಗ್ಯಾರೇಜಿನ ಹಿಂದೆ, ಕೋಳಿಗಳು ಮೊಟ್ಟೆಯಿಡುವ ಜಾಗವಾಗಿ ಬಿದ್ದಿದ್ದೆ.

ಅಲ್ಲಿಗೆ ನಿವೃತ್ತನಾದ ಮಾಗುಂಡಪ್ಪ ಬಂದ. ಎಷ್ಟು ಕಡೆ ಹುಡುಕಿದ್ದನೋ ತಿಳಿಯದು. ಸ್ಟಿಯರಿಂಗಿನ ಮೇಲಿನ ಹಿಕ್ಕೆಯನ್ನು ತನ್ನ ಟವೆಲ್ಲಿನಿಂದ ಒರೆಸಿ, ಸುಮ್ಮನೆ ಹಿಡಿದು ಕುಳಿತ.

ಹೆಂಡತಿಯ ಹರಕೆಗೆಂದು ನನ್ನನ್ನು ಕೊಂಡು, ರಿಪೇರಿ ಮಾಡಿಸಿ ಮನೆಗೆ ತಂದಾಗ ನೀಲಗಂಗವ್ವ ಆರತಿ ಎತ್ತಿ, ಒಳಗೆ ಹತ್ತಿ, ಈ ತುದಿಯಿಂದ ಆ ತುದಿಗೆ ನಡೆದಳು. ಇಲ್ಲಿ ಮಂಚ, ಇಲ್ಲಿ ನೀರಿನ ಟಾಕಿ, ಇಲ್ಲಿ ಒಲೆ ಎಂದು ಗಂಡ ತೋರಿಸುತ್ತ ಹೋದ. ಎಲ್ಲ ಕೇಳಿ ಆಕೆ ಹೇಳಿದ್ದು ಒಂದೇ ಮಾತು: "ಉಳಿದದ್ದು ನಿಮಗ ತಿಳಿದಂಗ ಮಾಡ್ರಿ. ನೆಲಾ ಒಂದು ನನ್ನ ಕೈಗೆ ಹೊಂದಬೇಕು."

ಕಾಲಿಗೆ ಎನ್ನಲಿಲ್ಲ, ಕೈಗೆ ಎಂದಳು. ಯಾಕೆಂಬುದು ಬಾಗಲಕೋಟೆಯ ಹುಸೇನಸಾಬ ಮೇಸ್ತ್ರಿಯ ಶೆಡ್ಡಿನಲ್ಲಿ ಗೊತ್ತಾಯಿತು. ಹುಸೇನಸಾಬ ನಗೆಗಾರ, ಕೆಲಸಗಾರ. ಮೊದಲು ಒಂದು ವಿನೈಲ್ ಹಾಳೆ ಬಿಚ್ಚಿದ. ಮೇಲೆ ಸಾಗವಾನಿಯ ಗೆರೆಗಳು, ಕನ್ನಡಿಯ ಹೊಳಪು. ನೀರು ಬಿದ್ದರೆ ಒರೆಸಿದರಾಯಿತು, ಭಾರವಿಲ್ಲ, ಸವೆಯುವುದಿಲ್ಲ ಎಂದು ಹೊಗಳಿದ. ನೀಲಗಂಗವ್ವ ಮನೆಯಿಂದಲೇ ಹಿಟ್ಟು ನಾದಿಕೊಂಡು ಬಂದಿದ್ದಳು. ಹಾಳೆಯ ಮೇಲೆ ಹುಡಿಹಿಟ್ಟು ಉದುರಿಸಿ ಉಂಡೆಯಿಟ್ಟು ಅಂಗೈಯಿಂದ ಬಡಿದಳು. ರೊಟ್ಟಿ ತಿರುಗಲಿಲ್ಲ, ಅಂಟಿಕೊಂಡಿತು. ಬಿಸಿ ಸೌಟನ್ನು ಮೂಲೆಗೆ ಮುಟ್ಟಿಸಿದಳು. ಸಾಗವಾನಿ ಮುದುಡಿತು.

"ನಿನ್ನ ಕಟ್ಟಿಗಿ ಮಾರಿ ಸಣ್ಣದಾತಲ್ಲೋ ಹುಸೇನಾ" ಎಂದಳು.

"ಯಕ್ಕಾ, ಜಗತ್ತಿನ್ಯಾಗ ಎಲ್ಲಾರೂ ನೆಲದ ಮ್ಯಾಲ ನಡೀತಾರ. ನೀ ಒಬ್ಬಾಕಿ ಅದನ್ನ ಬಡಿಯಾಕ ಬಂದಿ" ಎಂದು ಅವನು ಹಣೆ ಚಚ್ಚಿಕೊಂಡ.

ಪ್ಲೈವುಡ್ಡಿನ ಮೇಲೆ ಬಡಿದಳು. ನನ್ನ ಮೈಯೆಲ್ಲ ಹೋಳಿಹುಣ್ಣಿಮೆಯ ತಮಟೆಯಂತೆ ಸದ್ದು ಮಾಡಿತು; ರೊಟ್ಟಿ ಪುಟಿದು ಹರಿಯಿತು. ಸಕ್ಕರೆ ಕಾರ್ಖಾನೆಯ ಹಳೆಯ ರಬ್ಬರ್ ಬೆಲ್ಟು ಹಾಸಿ ನೋಡಿದರು. ಪಂಕ್ಚರ್ ಅಂಗಡಿಯಲ್ಲಿ ಕುಳಿತು ಉಂಡಂತಾಗುತ್ತದೆ ಎಂದು ಬೇಡವೆಂದಳು. ಹಳೆಯ ಅಲ್ಯೂಮಿನಿಯಂ ತಗಡಿನ ಗೀರುಗಳು ರೊಟ್ಟಿಯ ಮೇಲೆ ಮೂಡಿದವು. ಟೈಲ್ಸು ಒಡೆಯುತ್ತದೆ ಎಂದು ಹುಸೇನಸಾಬನೇ ಮುಟ್ಟಗೊಡಲಿಲ್ಲ.

"ಮನ್ಯಾಗ ಪರಸಿ ಮ್ಯಾಲ ಬಡಿತೀನಿ" ಎಂದಳು ಕೊನೆಗೆ. "ನನ್ನ ಕೈಗೆ ಅದ ರೂಢಿ." ನಮ್ಮ ಕಡೆ ಮನೆಗಳಿಗೆಲ್ಲ ಪರಸಿ ಕಲ್ಲಿನ ನೆಲ. ಬೂದುಬಣ್ಣದ ಚಪ್ಪಟೆ ಕಲ್ಲು, ಬೇಸಿಗೆಯಲ್ಲಿ ತಂಪು. ಒಲೆಯ ಮುಂದಿನ ಕಲ್ಲನ್ನು ತೊಳೆದು ಅದರ ಮೇಲೆಯೇ ರೊಟ್ಟಿ ಬಡಿಯುತ್ತಾರೆ. ಅಂಗೈ ಬಿದ್ದಂತೆ ರೊಟ್ಟಿ ತಾನೇ ತಿರುಗಿ ಅಗಲವಾಗುತ್ತದೆ.

ಆ ಮಾತು ಮಾಗುಂಡಪ್ಪನ ತಲೆಯಲ್ಲಿ ಕುಳಿತುಬಿಟ್ಟಿತು. ಹೆಂಡತಿ ತವರಿಗೆ ಹೋದ ಸಮಯ ನೋಡಿ, ಬಂಡಿಗಟ್ಟಲೆ ಪರಸಿ ತರಿಸಿದ. ಬಾಗಿಲಿನಿಂದ ಹಿಂದಿನ ಗಾಜಿನವರೆಗೆ, ಕಲ್ಲಿಗೆ ಕಲ್ಲು ಸೇರಿಸಿ ಸಿಮೆಂಟು ಹಾಕಿಸಿದ.

ಹುಸೇನಸಾಬ ಅಡ್ಡ ನಿಂತ. "ಅಣ್ಣಾ, ತೆಗ್ಗಿಗಿ ಇಳಿದಾಗ ಬಸ್ಸು ಮೈ ತಿರುವತೈತಿ. ಕಲ್ಲು ತಿರುವಂಗಿಲ್ಲ."

"ಇಷ್ಟು ವರ್ಷ ಓಡಿಸಿದಂವ ನಾನು. ನನಗ ಹೇಳ್ತೀಯೇನು?" ಎಂದ ಮಾಗುಂಡಪ್ಪ.

ಒಬ್ಬ ಪ್ರಯಾಣಿಕ ಹೆಚ್ಚಾದರೆ ಕೈಕಟ್ಟಿ ಕೂಡುತ್ತಿದ್ದವನು ಅಂದು ನನ್ನ ಮೇಲೆ ಒಂದು ಮನೆಯ ನೆಲವನ್ನೇ ಹೇರಿದ. ಜೀವಮಾನವಿಡೀ ಕೊಡಲಾಗದ್ದನ್ನು ಒಮ್ಮೆಗೇ ಕೊಡಹೊರಟವನಿಗೆ ಭಾರದ ಲೆಕ್ಕ ಹಿಡಿಯುವುದಿಲ್ಲ. ನನ್ನ ಪಾಟಾಗಳು ಮಲಗಿದವು. ನನಗೆ ಬಾಯಿದ್ದರೂ ದೂರುತ್ತಿರಲಿಲ್ಲವೇನೋ. ಯಾಕೆಂದರೆ ತವರಿನಿಂದ ಬಂದ ನೀಲಗಂಗವ್ವ ಚಪ್ಪಲಿ ಕೆಳಗೆ ಬಿಟ್ಟು ಹತ್ತಿ, ಆ ತಂಪಿನ ಮೇಲೆ ಉದ್ದಕ್ಕೂ ನಡೆದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯುಗಾದಿಗೆ ಮುಂಚೆ ಹೊರಟೆವು. ಇಳಕಲ್ಲು ದಾಟುವಷ್ಟರಲ್ಲಿ ಒಲೆಯ ಹತ್ತಿರ ಒಂದು ಕಲ್ಲು ಟಪ್ಪೆಂದು ಸೀಳಿತು. ಆಮೇಲೆ ಒಂದರ ಹಿಂದೆ ಒಂದು. ಮಾಗುಂಡಪ್ಪ ಹಿಂದೆ ತಿರುಗಿ ನೋಡಲಿಲ್ಲ, ಮೀಸೆ ಮಾತ್ರ ಎಳೆದುಕೊಂಡ. ಲಿಂಗಸುಗೂರಿನ ಆಚೆ ಒಂದು ತೆಗ್ಗಿನಲ್ಲಿ ನನ್ನ ಹಿಂದಿನ ಪಾಟಾ ಮುರಿಯಿತು. ಒಂದು ಮಗ್ಗುಲಿಗೆ ವಾಲಿ, ಜಾಲಿಗಿಡದ ಬದಿಗೆ ನಿಂತೆ.

ರಸ್ತೆಯ ತುಂಬ ನಡೆಯುವವರು. ಆತ್ಮಕೂರಿನ ಕಾಡಿನವರೆಗೆ ಹೋಗಲಾಗದಿದ್ದರೇನು, ಇಲ್ಲೇ ಕೊಡೋಣವೆಂದು ನೀಲಗಂಗವ್ವ ಒಲೆ ಹೊತ್ತಿಸಿದಳು. ವಾಲಿದ ನೆಲದ ಮೇಲೆ ಒಂದು ಮಗ್ಗುಲಾಗಿ ಕುಳಿತು ಬಡಿದಳು. ಮೊದಲ ರೊಟ್ಟಿಯನ್ನು ತಾನೇ ಮುರಿದು ಬಾಯಿಗಿಟ್ಟಳು. ಕರಕರ ಎಂದಿತು. ಸೀಳಿದ ಸಂದುಗಳಿಂದ ಸಿಮೆಂಟಿನ ಹರಳು ಎದ್ದು ಹಿಟ್ಟಿನಲ್ಲಿ ಸೇರಿತ್ತು. ಬರಿಗಾಲಲ್ಲಿ ಕಲ್ಲು ತುಳಿದು ಬಂದವರಿಗೆ ಬಾಯಿಗೂ ಕಲ್ಲು ಕೊಡುವುದು ಹೇಗೆ? ಒಲೆ ಆರಿಸಿದಳು. ಮುಸ್ಸಂಜೆಯವರೆಗೆ ಕಿಟಕಿಯಲ್ಲಿ ಕುಳಿತು, ದಾಟಿ ಹೋಗುವ ಪಾದಗಳನ್ನು ನೋಡಿದಳು.

ಟ್ರ್ಯಾಕ್ಟರು ಬಂದು ನನ್ನನ್ನು ಎಳೆಯುವಾಗ ಮಾಗುಂಡಪ್ಪ ತಲೆ ತಗ್ಗಿಸಿ, "ನಿನಗ ಮನಿ ಆದಂಗ ಆಗ್ಲಿ ಅಂತ ಮಾಡಿದ್ದೆ" ಎಂದ.

"ನಾ ಮನಿ ಬಿಟ್ಟು ಹೊಂಟಿದ್ದೆ. ನೀವು ಮನೀನ ಹೊತ್ಕೊಂಡು ಹೊಂಟ್ರಿ" ಎಂದಳು ಆಕೆ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಹಗುರಾಗುತ್ತಿತ್ತು. ಆ ಯುಗಾದಿ ನಮ್ಮನ್ನು ಬಿಟ್ಟು ಹೋಯಿತು.

ಮಳೆಗಾಲದಲ್ಲಿ ಹುಸೇನಸಾಬ ಮುರಿದ ಪಾಟಾ ಬದಲಿಸಿ, ಕಲ್ಲುಗಳನ್ನೆಲ್ಲ ಎಬ್ಬಿಸಿದ. ಒಂದು ಸುತ್ತು ಬೈದೇ ಎಬ್ಬಿಸಿದ. ಗಟ್ಟಿ ಪ್ಲೈವುಡ್ಡು ಹಾಕಿ, ಮೇಲೆ ಹೊಳಪಿಲ್ಲದ, ಕಾಲು ಜಾರದ ಒರಟು ಹಾಳೆ ಅಂಟಿಸಿದ. ಅಷ್ಟು ಹೊತ್ತಿಗೆ ನೀಲಗಂಗವ್ವ, ಹಿತ್ತಲಲ್ಲಿ ಬಿದ್ದ ಕಲ್ಲುಗಳ ನಡುವೆ ಸೀಳದೆ ಉಳಿದದ್ದು ಒಂದನ್ನು ಹುಡುಕಿ ತೊಳೆದಿಟ್ಟಿದ್ದಳು. ಬೀಸುವ ಕಲ್ಲಿನ ಕೆಳಗೆ ಗೋಣಿತಟ್ಟು ಹಾಕುವುದಿಲ್ಲವೇ, ಇದಕ್ಕೂ ಹಾಗೇ ಮಾಡಿ ಎಂದಳು. ಎರಡು ಗಾಲಿಗಳ ನಡುವಿನ ಜಾಗದಲ್ಲಿ ಮರದ ಚೌಕಟ್ಟು ಕೂರಿಸಿದರು. ಒಳಗೆ, ಆಕೆ ಬೇಡವೆಂದಿದ್ದ ರಬ್ಬರ್ ಬೆಲ್ಟಿನ ತುಂಡು, ಅದರ ಮೇಲೆ ಮಡಚಿದ ಕರಿ ಕಂಬಳಿ, ಅದರ ಮೇಲೆ ಪರಸಿ. ಸಿಮೆಂಟಿಲ್ಲ. ನಾನು ಮೈ ತಿರುವಿದರೂ ಕಲ್ಲು ತೊಟ್ಟಿಲಿನ ಕೂಸಿನಂತೆ ಮಲಗಿರುತ್ತಿತ್ತು.

ಶ್ರಾವಣದ ಒಂದು ಸೋಮವಾರ ಆಕೆ ಅದರ ಮೇಲೆ ಮೊದಲ ರೊಟ್ಟಿ ಬಡಿದಳು. ನನಗೆ ಎಂಜಿನ್ನಿನ ಸದ್ದು ಗೊತ್ತು, ಮಳೆಯ ಸದ್ದು ಗೊತ್ತು. ಇದು ಬೇರೆ. ಮೆತ್ತಗೆ ಶುರುವಾಗಿ, ರೊಟ್ಟಿ ತೆಳ್ಳಗಾದಂತೆ ಚುರುಕಾಗುತ್ತಿತ್ತು; ಕೊನೆಯಲ್ಲಿ ಆಕೆ ಬಳೆಯ ಸದ್ದಿನೊಂದಿಗೆ ರೊಟ್ಟಿ ಎತ್ತಿಕೊಳ್ಳುತ್ತಿದ್ದಳು. ಆ ಬಡಿತ ಕಂಬಳಿ, ರಬ್ಬರು, ಹಲಗೆಗಳನ್ನು ದಾಟಿ ನನ್ನ ಉಕ್ಕಿಗೆ ಇಳಿಯುತ್ತಿತ್ತು. ನನಗೂ ಒಂದು ಎದೆಯಿದೆಯೆಂದು ಆವತ್ತು ಅನಿಸಿತು.

ದೀಪಾವಳಿಯ ಹೊತ್ತಿಗೆ ಆಕೆಗೆ ಉಸಿರು ಹಿಡಿಯತೊಡಗಿತು. ನಾಲ್ಕು ಹೆಜ್ಜೆಗೆ ಕೂಡುತ್ತಿದ್ದಳು. ಹೃದಯ ದಣಿದಿದೆ ಎಂದರು ವೈದ್ಯರು. ಮನೆಯಲ್ಲಿ ಮಲಗದೆ ನನ್ನ ಮಂಚದ ಮೇಲೆ ಮಲಗುತ್ತೇನೆಂದು ಹಠ ಹಿಡಿದಳು. ಅಲ್ಲಿಂದಲೇ ಗಂಡನಿಗೆ ರೊಟ್ಟಿ ಕಲಿಸಿದಳು. ಕುದಿಯುವ ನೀರು ಎಷ್ಟು, ನಾದುವುದು ಹೇಗೆ, ಬಡಿಯುವಾಗ ಬೆರಳಲ್ಲ, ಅಂಗೈ. ನನ್ನ ಗೇರು ಹಿಡಿದಿದ್ದ ಕೈಗಳು ಹಿಟ್ಟಿನ ಮುಂದೆ ಹೆದರಿದವು.

"ಎತ್ತಿ ತೋರಸ್ರಿ" ಎನ್ನುತ್ತಿದ್ದಳು. ಅವನು ಎತ್ತುತ್ತಿದ್ದ. "ಇದು ರೊಟ್ಟಿ ಅಲ್ಲ, ನಮ್ಮ ಜಿಲ್ಲಾದ ನಕಾಶಿ. ಹುನಗುಂದಕ್ಕ ತೂತು ಬಿದ್ದೈತಿ, ನೋಡ್ರಿ." ನಗುತ್ತ ಕೆಮ್ಮುತ್ತಿದ್ದಳು, ಕೆಮ್ಮುತ್ತ ನಗುತ್ತಿದ್ದಳು. ಆಮೇಲೆ ಸುಧಾರಿಸಿಕೊಂಡು ಒಂದು ದಿನ ಹೇಳಿದಳು: "ನಾ ಬರಾಕ ಆಗದಿದ್ರ ನೀವು ಹೋಗ್ರಿ. ಪ್ಯಾಟಿಯಿಂದ ತಂದು ಹಂಚಬ್ಯಾಡ್ರಿ. ತೂತು ಬಿದ್ರೂ ಚಿಂತಿಲ್ಲ, ಬಿಸೀದು ಕೊಡ್ರಿ."

"ನೀನ ಬಡೀತಿ ಸುಮ್ನಿರು" ಎಂದ ಮಾಗುಂಡಪ್ಪ. ಆ ವಾರವೇ ಆಕೆಯನ್ನು ದವಾಖಾನೆಗೆ ಕರೆದೊಯ್ದರು.

ವಿಭೂತಿ ಹಚ್ಚಿ, ಹೂವಿನ ಸರ ಹಾಕಿ, ಆಕೆಯನ್ನು ನನ್ನ ಮುಂದಿನಿಂದಲೇ ಹೊತ್ತು ನಡೆದರು. ಭಜನೆಯ ತಾಳ ಬೀದಿಯ ತಿರುವಿನಲ್ಲಿ ಕರಗುವವರೆಗೆ ಕೇಳಿದೆ. ಆಮೇಲೆ ಎಷ್ಟೋ ದಿನ ಮಾಗುಂಡಪ್ಪ ನನ್ನ ಬಾಗಿಲು ತೆರೆಯಲಿಲ್ಲ. ವರ್ಷವಾಗುವ ತನಕ ಹಬ್ಬವಿಲ್ಲ, ಯಾತ್ರೆಯಿಲ್ಲ ಎಂದು ಬಂಧುಗಳು ಹೇಳಿದರು. ಅವನು ಮಠಕ್ಕೆ ಹೋಗಿ ಕೇಳಿದ. ಹಸಿದವರಿಗೆ ಅನ್ನವಿಡುವುದಕ್ಕೆ ಯಾವ ಸೂತಕ ಎಂದು ಅಲ್ಲಿಯ ಅಯ್ಯನವರು ವಿಭೂತಿ ಕೊಟ್ಟು ಕಳಿಸಿದರಂತೆ.

ಹೀಗೆ ನಾವಿಬ್ಬರೇ ಹೊರಟೆವು. ಕಲ್ಲು ಅಲುಗಲಿಲ್ಲ, ಪಾಟಾ ನರಳಲಿಲ್ಲ. ರಾಯಚೂರು, ಕರ್ನೂಲು, ಆತ್ಮಕೂರು ದಾಟಿ, ಕಾಡು ಶುರುವಾಗುವಲ್ಲಿ ನಿಲ್ಲಿಸಿ ಮಾಗುಂಡಪ್ಪ ಒಲೆ ಹೊತ್ತಿಸಿದ. ರೊಟ್ಟಿ ಹರಿದವು, ಸೀದವು. ಹತ್ತಿರದ ದೊಡ್ಡ ಪೆಂಡಾಲಿನಲ್ಲಿ ಹುಗ್ಗಿ ಬಡಿಸುತ್ತಿದ್ದರು. ಜನ ಅತ್ತ ಹೋಗುತ್ತಿದ್ದರು. ಅವನು ತನ್ನ ನಕಾಶೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತ. ಕರೆಯಲು ಬಾಯಿ ಬರಲಿಲ್ಲ. ರೊಟ್ಟಿ ಆರಿತು; ಒಳಗೆ ಹೋಗಿ ಮತ್ತೊಂದು ಬಡಿಯತೊಡಗಿದ.

ಮುದ್ದೇಬಿಹಾಳ ಕಡೆಯ ದಪ್ಪ ಹೆಂಗಸೊಬ್ಬಳು ಕಾಲಿನ ಬಟ್ಟೆ ಬಿಗಿದುಕೊಳ್ಳಲು ನನ್ನ ಮೆಟ್ಟಿಲ ಮೇಲೆ ಕುಳಿತಳು. ಒಳಗಿನ ಬಡಿತ ಕೇಳಿ ತಿರುಗಿ ನೋಡಿದಳು.

"ಕಾಕಾ, ಸರೀರಿ. ಹಿಟ್ಟಿಗೆ ನೋವಾಗಾಕತ್ತೈತಿ" ಎಂದು ಒಳಬಂದಳು.

ಅವನು ಸರಿಯಲಿಲ್ಲ. ಇದು ಹೆಂಡತಿಯ ಹರಕೆ, ಆಕೆ ಹೋದಳು, ಬಿಸಿಯದನ್ನು ಕೊಡಬೇಕು ಎಂದು ತಡವರಿಸುತ್ತ ಹೇಳಿದ. ಹೆಂಗಸು ಕೇಳುತ್ತ ಕೇಳುತ್ತ ಕೈ ತೊಳೆದಳು. "ಹಂಗಾರ ನೀವು ಕೊಡ್ರಿ, ನಾ ಬಡೀತೀನಿ. ಆಕೀ ಹೆಸರ ಹೇಳ್ರಿ, ನೆನಸ್ಕೊಂತ ಬಡೀತೀನಿ."

"ನೀಲಗಂಗವ್ವ" ಎಂದ ಮಾಗುಂಡಪ್ಪ. ಆಕೆ ಹೋದ ಮೇಲೆ ಅವನು ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು.

ಆ ಹೆಂಗಸಿನ ಜೊತೆಯವರೂ ಹತ್ತಿದರು. ಒಬ್ಬಳು ನಾದಿದಳು, ಒಬ್ಬಳು ಬೇಯಿಸಿದಳು. ಮಾಗುಂಡಪ್ಪ ಹಂಚಿನಿಂದ ಬಾಗಿಲಿಗೆ, ಬಾಗಿಲಿನಿಂದ ಹಂಚಿಗೆ ಓಡಾಡಿದ. ಬೆರಳು ಸುಟ್ಟರೂ ತಟ್ಟೆಗೆ ಇಡುತ್ತಿರಲಿಲ್ಲ, ಕೈಯಿಂದ ಕೈಗೇ ಕೊಡುತ್ತಿದ್ದ. ತೆಗೆದುಕೊಂಡವರು ಉಫ್ ಎಂದು ಊದಿಕೊಳ್ಳುತ್ತ ನಡೆದರು. ಬಡಿತ ಗಟ್ಟಿಯಾಗಿ, ಚೆನ್ನಾಗಿ ನನ್ನ ಉಕ್ಕಿಗೆ ಇಳಿಯಿತು. ಆದರೆ ಅದು ಆಕೆಯದಾಗಿರಲಿಲ್ಲ. ಕೊನೆಯಲ್ಲಿ ಚುರುಕಾಗುವ ಆ ಗತಿ ಎಲ್ಲಾದರೂ ಬರುತ್ತದೆಯೋ ಎಂದು ಕಾದೆ. ಬರಲಿಲ್ಲ. ಈಗಲೂ ಕಾಯುತ್ತೇನೆ.

ಅದಾಗಿ ಹಲವು ಯುಗಾದಿಗಳಾದವು. ನಾನು ಇನ್ನು ಓಡುವವನಲ್ಲ. ಮಾಗುಂಡಪ್ಪ ನನ್ನನ್ನು ಆ ಕಾಡಿನ ಅಂಚಿನಲ್ಲೇ, ಇಲ್ಲಿಯ ದಾಸೋಹದವರಿಗೆ ಒಪ್ಪಿಸಿದ. ಗಾಲಿ ಬಿಚ್ಚಿ, ಇಟ್ಟಿಗೆಯ ಕಟ್ಟೆಯ ಮೇಲೆ ಕೂರಿಸಿದ್ದಾರೆ; ಹುಣಸೆಯ ನೆರಳಿದೆ. ಅವನು ಪ್ರತಿ ವರ್ಷ ಬೇರೆ ಬಸ್ಸಿನಲ್ಲಿ ಬರುತ್ತಾನೆ. ಈಗ ಮೆಟ್ಟಿಲು ಹತ್ತಲು ಇಬ್ಬರು ಹಿಡಿಯಬೇಕು. ಆದರೂ ಮೊದಲ ರೊಟ್ಟಿ ಅವನೇ ಕೊಡುತ್ತಾನೆ. ಉಳಿದ ತಿಂಗಳೆಲ್ಲ ಇಲ್ಲಿ ಯಾರೂ ಇಲ್ಲ. ಗಾಳಿ ಬಂದಾಗ ಒಣ ಎಲೆಗಳು ನನ್ನ ನೆಲದ ಮೇಲೆ ಹರಿದಾಡುತ್ತವೆ.

ತಗಡು, ಹಲಗೆ, ಹಾಳೆ, ಕಲ್ಲು ಎಲ್ಲವನ್ನೂ ಹೊತ್ತೆ. ಸಾವಿರಾರು ಪಾದಗಳನ್ನು ಮಲ್ಲಯ್ಯನ ಹತ್ತಿರ ತಲುಪಿಸಿದೆ. ಆಕೆಯೊಬ್ಬಳನ್ನು ಇಲ್ಲಿಗೆ ತರಲಾಗಲಿಲ್ಲ ಎಂಬ ಕೊರತೆ ನನ್ನೊಳಗೆ ಉಳಿದಿದೆ. ಕೈಯಿಲ್ಲದ ನಾನು ಮುಗಿಯಲಾರೆ, ಮೊಣಕಾಲಿಲ್ಲದ ನಾನು ಮಣಿಯಲಾರೆ. ನಿಂತಲ್ಲೇ ಬೇಡುತ್ತೇನೆ.

ಮಲ್ಲಯ್ಯಾ, ನಮ್ಮ ನೀಲಗಂಗವ್ವ ನಿನ್ನ ಬೆಟ್ಟವನ್ನು ನಾವು ಕಾಣದ ದಾರಿಯಿಂದ ಹತ್ತಿ ಬಂದಿರಬೇಕು. ಆಕೆಯ ಉಸಿರು ಈಗ ಹಗುರಾಗಿರಲಿ. ಕಾಲಿಗೆ ತಂಪಾದ ನೆಲ ಸಿಗಲಿ. ಬಡಿದು ಬಡಿದು ದಣಿದ ಆ ಕೈಗಳನ್ನು ನಿನ್ನ ಪಾದದ ಮೇಲೆ ಇಟ್ಟುಕೊಂಡು, ಆಕೆಯನ್ನು ಶಾಂತವಾಗಿ ಕೂಡಿಸಿಕೋ ತಂದೆ.